ಬಳಸಿ ನೋಡುವ ಖಜಾಂಚಿ

ಆ ದಿನ ನಾನು ಮಾಡಿದ ಕೆಲಸ ಕೇಳಿ: ಅಂಗಳ ಸಾರಿಸಿದೆ, ಎಂಟು ಕೊಡ ನೀರು ಸೇದಿದೆ, ಜೋಳ ಹಸನು ಮಾಡಿದೆ, ಇಪ್ಪತ್ತು ರೊಟ್ಟಿ ಬಡಿದೆ, ಕಾಲಿಗೆ ಸರಪಳಿ ಬಿಗಿದುಕೊಂಡು ಕೂತ ಅತ್ತೆಗೆ ಕಟ್ಟೆಗೇ ಊಟ ಒಯ್ದು ಕೊಟ್ಟೆ. ಈ ಕೊನೆಯ ಕೆಲಸ ಯಾವ ಸೊಸೆಗೂ ಬರಬಾರದು!

ಬೀದರಿನಲ್ಲಿ ಮನೋರೋಗಿಗಳಿಗೊಂದು ಆಶ್ರಮವಿತ್ತು. ಆದರೆ ಊರಿನ ದೊಡ್ಡ ತಿಕ್ಕಲು ನಮ್ಮ ಮನೆಯಲ್ಲೇ ಇತ್ತೆಂದು ಆಣೆ ಮಾಡಿ ಹೇಳುತ್ತೇನೆ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ಆ ಗಲಾಟೆಯಲ್ಲಿ ತಮ್ಮವರನ್ನು ಕಳೆದುಕೊಂಡು ಬುದ್ಧಿ ಕದಡಿದವರಿಗಾಗಿ ನಾಲ್ಕು ಜನ ದೊಡ್ಡವರು ಆಶ್ರಮ ತೆರೆದರು. ಸಂಬಳವಿಲ್ಲದ ಖಜಾಂಚಿ ಬೇಕಾಯಿತು. ಉಪ್ಪನ್ನೂ ತೂಗಿ ಕೊಡುವ ನಮ್ಮ ಅತ್ತೆಯೇ ಯಾಕೆ ಅವರ ಕಣ್ಣಿಗೆ ಬೀಳಬೇಕು?

ಅತ್ತೆಯದು ಒಂದೇ ಕಾನೂನು: ತಾನು ಬಳಸಿ ನೋಡದ ಸಾಮಾನಿಗೆ ದುಡ್ಡಿಲ್ಲ! ಆಶ್ರಮಕ್ಕೆಂದು ಭಾಲ್ಕಿಯಿಂದ ಬಂದ ಕಂಬಳಿ ಹೊದ್ದು ಮಲಗಿದರು. ಚುಚ್ಚಿತು. ಮರುದಿನ ಬಸ್ಸು ಹತ್ತಿ ಹೋಗಿ, ಅದೇ ಕಂಬಳಿಯನ್ನು ವ್ಯಾಪಾರಿಗೆ ಹೊದಿಸಿ ಬಿಸಿಲಿಗೆ ಕೂಡಿಸಿದರು. “ತುರಿಸ್ಕೋಬ್ಯಾಡ, ಸುಮ್ಮ ಕೂಡು” ಎಂದರಂತೆ. ಅವನು ಬೇರೆ ಕಂಬಳಿ ಕೊಟ್ಟ. ರೋಗಿಗಳ ನಿದ್ದೆಯ ಔಷಧಿಯನ್ನೂ ಅತ್ತೆ ಬಿಡಲಿಲ್ಲ. ಕುಡಿದು ಎರಡು ದಿನ ಮಲಗಿದರು. ಆಹಾ, ಮನೆಯಲ್ಲಿ ಎಂಥ ಶಾಂತಿ! ಎದ್ದವರೇ ಅಂದದ್ದು: “ದವಾ ಚಲೋ ಅದ. ರೊಕ್ಕ ಕೊಡ್ರಿ.”

ಆಶ್ರಮದಲ್ಲಿ ಎಕಂಬಾದ ರತ್ನವ್ವ ಎಂಬ ಹೆಣ್ಣುಮಗಳಿದ್ದಳು. ಗಲಾಟೆಯಲ್ಲಿ ಹೋದ ಗಂಡ ಔರಾದಿನಿಂದ ಬರುವ ಬಸ್ಸಿನಲ್ಲಿ ಬರುತ್ತಾನೆಂದು ಅವಳ ನಂಬಿಕೆ. ಸಂಜೆಯಾದರೆ ತಪ್ಪಿಸಿಕೊಂಡು ಬಸ್ ನಿಲ್ದಾಣಕ್ಕೆ ಓಡಿ, ಇಳಿಯುವವರ ಮುಖ ಮುಖ ನೋಡುತ್ತಿದ್ದಳು. ಒಮ್ಮೆ ಗಾಲಿಯ ಕೆಳಗೇ ಬೀಳುವುದಿತ್ತು. ಆಶ್ರಮದ ಕಮಿಟಿ ಕೂತು ಅವಳ ಕಾಲಿಗೆ ಸರಪಳಿ ಹಾಕಬೇಕೆಂದು ಬರೆಯಿತು. ಕಮ್ಮಾರ ಮಾಡಿದ ಸರಪಳಿ, ಲೆಕ್ಕದ ಚೀಟಿ ಸಮೇತ, ಖಜಾಂಚಿಯ ಹತ್ತಿರ ಬಂತು.

ಕಾನೂನೆಂದರೆ ಕಾನೂನು! ಅತ್ತೆ ಬೆಳಿಗ್ಗೆಯೇ ಅದನ್ನು ತಮ್ಮ ಕಾಲಿಗೆ ಬಿಗಿದು, ಕಟ್ಟೆಯ ಕಂಬಕ್ಕೆ ಬೀಗ ಹಾಕಿಕೊಂಡರು.

“ಅತ್ತೀ, ಸೊಸಿ ಕಟ್ಟಿ ಹಾಕ್ಯಾಳ ಅಂತಾರ ಮಂದಿ!”

“ಅನ್ಲಿ. ನೀರು ತಾ. ತಂಬಿಗಿ ನಿಲುಕವಲ್ದು.”

ಹಾದಿಯಲ್ಲಿ ಹೋಗುವವರೆಲ್ಲ ನನ್ನನ್ನೇ ಕೆಕ್ಕರಿಸಿ ನೋಡಿದರು. ನಾನೇನು ಮಾಡಿದ್ದೆ, ಹೇಳಿ!

ಮಧ್ಯಾಹ್ನ ಕಮಿಟಿಯ ಅಧ್ಯಕ್ಷರಾದ ವಕೀಲರು ಬಂದು ಹೌಹಾರಿದರು. “ಇದೇನ್ರಿ ಅವ್ವಾರ! ಮದಲ ಬಿಚ್ರಿ!”

“ಹ್ಯಾಂಗ ಬಿಚ್ಲಿ ವಕೀಲಸಾಬ್ರ? ಇನ್ನಾ ನಾಲ್ಕು ತಾಸಷ್ಟ ಆಗ್ಯದ. ರತ್ನವ್ವಗ ಎಷ್ಟು ವರ್ಷ ಕಟ್ಟಬೇಕಂತ ಬರ್ದೀರಿ?”

ವಕೀಲರು ಕಟ್ಟೆಯ ಅಂಚಿಗೆ ಕೂತರು. ಕೊನೆಗೆ ಕೇಳಿದರು: “ಅಕಿ ಬಸ್ಸಿನ ಕೆಳಗ ಬಿದ್ರ ಯಾರು ಜವಾಬ್ದಾರ್ರಿ?”

“ನಾನು. ದಿನಾ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಬಸ್ಸು ಖಾಲಿ ಆಗೂತನ ನಿಂತು ಕರ್ಕೊಂಡು ಬರ್ತೀನಿ.”

ವಕೀಲರೇ ಬಗ್ಗಿ ಬೀಗ ತೆಗೆದರು. ಕಬ್ಬಿಣ ಉಜ್ಜಿ ಅತ್ತೆಯ ಕಾಲಿನ ಚರ್ಮ ಕಿತ್ತು ಬಂದಿತ್ತು. ಅಲ್ಲಿಯವರೆಗೆ ಅತ್ತೆಯ ಮೇಲಿದ್ದ ನನ್ನ ಸಿಟ್ಟು ವಕೀಲರ ಕಡೆ ತಿರುಗಿತು. ಅವರಿಗೆ ಚಹಾ ಕೊಡಲಿಲ್ಲ!

ಸಂಜೆ ಅತ್ತೆ ಕುಂಟುತ್ತ ರತ್ನವ್ವನ ಕೈ ಹಿಡಿದು ನಿಲ್ದಾಣಕ್ಕೆ ಹೋದರು. ಬಸ್ಸು ಬಂತು, ಖಾಲಿಯಾಯಿತು. ಇಬ್ಬರೂ ನಮ್ಮ ಮನೆಗೇ ಬಂದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ ತಿಂದೆವು. ರತ್ನವ್ವ ಮೊದಲು ಮಲಗಿದಳು, ಅತ್ತೆಯ ಸೆರಗು ಮುಷ್ಟಿಯಲ್ಲಿ ಹಿಡಿದು.

“ಸೆರಗು ಬಿಡಿಸ್ಲೇನ್ರಿ ಅತ್ತೀ?” ಕಾಲಿಗೆ ಎಣ್ಣೆ ಸವರುತ್ತ ಕೇಳಿದೆ.

“ಸುಮ್ಮಿರು. ಎಚ್ಚರ ಆಗ್ತಾಳ.”

ಅತ್ತೆ ಕೂತಲ್ಲೇ ಕಣ್ಣು ಮುಚ್ಚಿದರು. ನಾನು ಕೊನೆಗೆ ಮಲಗಿದೆ.