ತಲೆ ಎತ್ತದ ಸಭೆ

ಕುರಾಮೊಚಿಯವರ ಕುತ್ತಿಗೆಗೆ ಕುತ್ತು ಬಂದು ಮೂರು ವರ್ಷವಾಗಿತ್ತು. ಅಂದು ಶನಿವಾರ ಬೆಳಗ್ಗೆ ವ್ಯಾಯಾಮ ಚಿಕಿತ್ಸೆಯವನು ಅವರ ಗದ್ದವನ್ನು ಮೇಜಿನ ಡ್ರಾಯರ್‌ನಂತೆ ಒಳಕ್ಕೆ ತಳ್ಳಿ, "ಗದ್ದ ಒಳಗೆ, ತಲೆ ಕೆಳಗೆ, ನಿಧಾನಕ್ಕೆ ಮೇಲೆ. ಗಂಟೆಗೊಮ್ಮೆ ಹತ್ತು ಸಲ. ಅರ್ಧಕ್ಕೆ ನಿಲ್ಲಿಸಿದ್ರೆ ಹಿಡ್ಕೊಳತ್ತೆ," ಎಂದು ರೈಲು ನಿಲ್ದಾಣದ ಘೋಷಣೆಯ ರಾಗದಲ್ಲಿ ಹೇಳಿ ಕಳಿಸಿದ್ದ.

ಮೊದಲ ಕಂತನ್ನು ಅವರು ತಮ್ಮ ವಸತಿ ಕಟ್ಟಡದ ಬಾಗಿಲಲ್ಲೇ ಶುರು ಮಾಡಿದರು. ಎದುರಿಗೆ ಮೂರನೇ ಮಹಡಿಯ ಮುದುಕಿ ತೊಕುನಾಗಾ ಬಂದರು. ಕುರಾಮೊಚಿ ತಲೆ ತಗ್ಗಿಸಿದರೆ ಈಕೆಯೂ ತಗ್ಗಿಸಿದರು. ಎರಡನೆಯ ಸಲ, ಮೂರನೆಯ ಸಲ. ಇವರು ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಆಕೆಗೋ ಮರುನಮಸ್ಕಾರ ಬಾಕಿ ಉಳಿಸಿ ಗೊತ್ತಿಲ್ಲ. ಹತ್ತಕ್ಕೆ ಹತ್ತು ಮುಗಿದ ಮೇಲೆ, ಕೊನೆಯದು ತಮ್ಮದೇ ಇರಲೆಂದು ಆಕೆ ಹನ್ನೊಂದನೆಯದನ್ನೂ ಸಲ್ಲಿಸಿ, ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಮಧ್ಯಾಹ್ನ ನಿವಾಸಿಗಳ ಸಂಘದ ವಾರ್ಷಿಕ ಸಭೆ. ಹೊಸ ಅಧ್ಯಕ್ಷರ ಆಯ್ಕೆ. ಹೊರಡುವಾಗ ಹೆಂಡತಿ ಚಿಜುರು ಹೆಚ್ಚು ಮಾತಾಡಲಿಲ್ಲ.

"ಯಾರಿಗೂ ಇಲ್ಲ ಅನ್ನೋಕೆ ಬರಲ್ಲ ನಿಮ್ಗೆ. ಈ ಸಲ ಅಧ್ಯಕ್ಷರಾಗಿ ಬಂದ್ರೆ, ನಾನು ತವರಿಗೆ ಹೋಗ್ತೀನಿ ಕಣ್ರೀ."

ಸಭೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಬೇಡವೆಂದು ಬಾಯಿಬಿಟ್ಟು ಹೇಳುವುದು ಒರಟುತನ. ಆದ್ದರಿಂದ ಎಲ್ಲರೂ ನೆಲ ನೋಡುತ್ತ ಕೂರುತ್ತಾರೆ. ಹಳೆಯ ಅಧ್ಯಕ್ಷರ ಕಣ್ಣಿಗೆ ಯಾರ ಕಣ್ಣು ಮೊದಲು ಸಿಕ್ಕಿತೋ ಅವರು ಕೆಟ್ಟರು. ಕುರಾಮೊಚಿಯವರಿಗೆ ಅಂದು ವ್ಯಾಯಾಮವೇ ವರವಾಗಿ ಕಂಡಿತು. ಗದ್ದ ಒಳಗೆ, ತಲೆ ಕೆಳಗೆ. ಮೇಲೆತ್ತುವ ಭಾಗವನ್ನು ಮಾತ್ರ ಸಭೆ ಮುಗಿಯುವವರೆಗೆ ಮುಂದೂಡಿದರು.

ಇಪ್ಪತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಅವರ ಕುತ್ತಿಗೆ ತುಕ್ಕು ಹಿಡಿದ ನಲ್ಲಿಯಂತೆ ನಿಂತಲ್ಲೇ ನಿಂತಿತು.

ಕೊನೆಗೆ ಮುದುಕಿ ತೊಕುನಾಗಾ ಕೆಮ್ಮಿದರು. ನೆಲ ನೋಡುತ್ತಲೇ, ಬೆಳಗ್ಗೆ ಒಬ್ಬರು ತಮ್ಮಂಥ ಮುದುಕಿಗೆ ಹತ್ತು ಸಲ ತಲೆಬಾಗಿದರೆಂದೂ ಇಷ್ಟು ವಿನಯದವರನ್ನು ಬಿಟ್ಟು ಬೇರೆಯವರನ್ನು ಹುಡುಕುವುದೇಕೆಂದೂ ಸಭೆಗೆ ಅರಿಕೆ ಮಾಡಿಕೊಂಡರು. ಎಂಬತ್ತು ತಲೆಗಳು ಒಟ್ಟಿಗೆ ಮೇಲೆದ್ದವು, ಒಂದನ್ನು ಬಿಟ್ಟು.

ಹಳೆಯ ಅಧ್ಯಕ್ಷ ಹಿರಮಟ್ಸು ಸೂಕ್ಷ್ಮದವರು. ಬಲವಂತ ಮಾಡಿದರೆಂಬ ಮಾತು ಅವರಿಗೆ ಬೇಡ.

"ಕುರಾಮೊಚಿಯವ್ರೆ, ಸಂಕೋಚ ಬೇಡಿ. ಇಷ್ಟ ಇಲ್ದಿದ್ರೆ ಸುಮ್ನೆ ಒಂದ್ಸಲ ತಲೆ ಎತ್ತಿ, ಸಾಕು. ನಾವು ಅರ್ಥ ಮಾಡ್ಕೋತೀವಿ."

ಸಂಘದ ಇತಿಹಾಸದಲ್ಲಿ ಇಂಥ ರಿಯಾಯಿತಿ ಯಾರಿಗೂ ಸಿಕ್ಕಿರಲಿಲ್ಲ. ಕುರಾಮೊಚಿ ಇದ್ದಬದ್ದ ಶಕ್ತಿಯನ್ನೆಲ್ಲ ಕುತ್ತಿಗೆಗೆ ಹಾಕಿದರು. ಅದು ಕಟಕ್ ಎಂದಿತು; ತಲೆ ಇನ್ನೂ ಎರಡು ಬೆರಳು ಕೆಳಗಿಳಿಯಿತು. ಅವರ ನರಳಾಟ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಹಿರಮಟ್ಸು ಸಂಘದ ಬೀಗದ ಕೈಗಳನ್ನು ಅವರ ತೊಡೆಯ ಮೇಲಿಟ್ಟರು. ಕುರಾಮೊಚಿಯವರಿಗೆ ಕಾಣುತ್ತಿದ್ದದ್ದು ಅದೊಂದೇ. ಇನ್ನು ಉಳಿದದ್ದು ಹೊಸ ಅಧ್ಯಕ್ಷರ ಮೊದಲ ಕೆಲಸ: ಇಂದೇ ಮನೆಮನೆಗೂ ಹೋಗಿ, ಬಾಗಿಲಲ್ಲಿ ತಲೆಬಾಗಿ ಪರಿಚಯ ಹೇಳಿಕೊಳ್ಳುವುದು. ಒಟ್ಟು ಎಂಬತ್ತನಾಲ್ಕು ಮನೆ.

ಎಂಬತ್ತಮೂರನ್ನು ಅವರು ಒಂದೇ ಭಂಗಿಯಲ್ಲಿ ಮುಗಿಸಿದರು. ಇಷ್ಟು ವಿನಯದ ಅಧ್ಯಕ್ಷರನ್ನು ಕಂಡಿಲ್ಲವೆಂದು ಊರೆಲ್ಲ ಹೊಗಳಿತು. ಎಂಬತ್ತನಾಲ್ಕನೆಯ ಬಾಗಿಲು ಚಿಜುರು ತೆರೆದಳು. ತಗ್ಗಿದ ತಲೆಗೆ ಆಕೆಯ ಮುಖ ಕಾಣಲಿಲ್ಲ. ಕಂಡದ್ದು ಹೊರಡಲು ತೊಟ್ಟ ಬೂಟು, ಪಕ್ಕದಲ್ಲಿ ಪೆಟ್ಟಿಗೆ.