ಪ್ರೈಮರ್ ಆಯ್ಕೆಯಲ್ಲಿ ಶ್ರೀ ಸ್ಟಾಫರ್ ಅವರು ಮಾಡಿದ ವಿಳಂಬ ಹಾಗೂ ತತ್ಪರಿಣಾಮಗಳ ಕುರಿತು

ಕ್ರೋ ಹಾಲೋ ಬೆಂಚ್ ಗುರಿಗಾರರ ಸಂಘ, ಪೆನ್ಸಿಲ್ವೇನಿಯಾ
ಸಂಖ್ಯೆ: ಗುಸಂ/ಪ್ರೈ/17/1991
ದಿನಾಂಕ: 7 ಅಕ್ಟೋಬರ್ 1991

ಉಲ್ಲೇಖ: ಶ್ರೀಮತಿ ಲೊವೀನಾ ಸ್ಟಾಫರ್ ಅವರ ಮೌಖಿಕ ಹೇಳಿಕೆ (ಏರಿದ ದನಿಯಲ್ಲಿ)

1. ನಿವೃತ್ತ ಗಡಿಯಾರ ರಿಪೇರಿಗಾರರಾದ ಶ್ರೀ ವರ್ಲಿನ್ ಸ್ಟಾಫರ್ (76) ಅವರು ತಮ್ಮ ತೋಟಾಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸ್ವಹಸ್ತದಿಂದ ತುಂಬುವವರಾಗಿದ್ದು, ತೋಟಾದ ಬುಡದಲ್ಲಿ ಕುಳಿತು ಮದ್ದಿಗೆ ಕಿಡಿ ಕೊಡುವ, ಮಸೂರ ಬೇಳೆಯಷ್ಟು ದೊಡ್ಡ ಪ್ರೈಮರನ್ನು ಹನ್ನೊಂದು ವರ್ಷ ಒಂದೇ ಬಾರಿಗೆ ತಯಾರಾದ ಸರಕಿನಿಂದ ಬಳಸಿರುತ್ತಾರೆ. ಸದರಿ ಸರಕು ಆಗಸ್ಟ್ 30ರಂದು ಮುಗಿಯಿತು. ಅಂದು ಅವರು ಊಟ ಮಾಡಲಿಲ್ಲ.

2. ಬಳಿಕ ನೀಲಿ ಪೆಟ್ಟಿಗೆಯದೊಂದು, ಹಸಿರು ಪೆಟ್ಟಿಗೆಯದೊಂದು ಪ್ರೈಮರ್ ತರಲಾಯಿತು. ಎರಡೂ ಅವರ ರೈಫಲ್ಲಿಗೆ ಒಗ್ಗುವಂಥವೇ. ಪರೀಕ್ಷೆಯಲ್ಲಿ ಸೋಮವಾರ ನೀಲಿ ಕೂದಲೆಳೆಯಷ್ಟು ಮುಂದಿತ್ತು, ಮಂಗಳವಾರ ಹಸಿರು. ಮೂರು ವಾರ ಅವರು ಉಸಿರು ಬಿಗಿಹಿಡಿದು ಒಂದೊಂದನ್ನೇ ತೂಗಿದರು. ಅದುರುತ್ತದೆಂಬ ಕಾರಣಕ್ಕೆ ಫ್ರಿಜ್ ಆರಿಸಲಾಯಿತು. ಹಾಲು ಒಡೆಯಿತು.

3. ಶ್ರೀಯುತರಿಗೆ ಕೈನಡುಕ ಆರಂಭವಾಗಿದ್ದು, ಇದೇ ಕೊನೆಯ ಹಂಗಾಮೆಂದು ನಿವೃತ್ತಿ ಪತ್ರ ಬರೆದಿಟ್ಟುಕೊಂಡಿದ್ದರೂ ಅವರು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಇದು ಸಮಿತಿಗೂ ಗೊತ್ತಿರಲಿಲ್ಲವೆಂದು ಭಾವಿಸತಕ್ಕದ್ದು.

4. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಅವರು ನೀಲಿಯನ್ನು ಆಯ್ಕೆ ಮಾಡಿ, ತೋಟಾ ತುಂಬುವುದನ್ನು ಸಂಜೆಗಿಟ್ಟು, ನೆಮ್ಮದಿಯಿಂದ ಕ್ಷೌರಕ್ಕೆ ಹೋದರು. ಅನಂತರ ನಡೆದುದನ್ನು ಅವರ ಪತ್ನಿಯ ಮಾತಿನಲ್ಲೇ ದಾಖಲಿಸಲಾಗಿದೆ: "ಸೇಬಿನ ಪೈ ಲಟ್ಟಿಸೋಕೆ ಮೇಜು ಬೇಕಿತ್ತು. ಪ್ರೈಮರ್ ಎತ್ತಿಡೋಕೆ ಹೋದೆ, ನೀಲಿದು, ಹಸಿರಿಂದು ಎರಡು ತಟ್ಟೆನೂ ಕೈ ಜಾರಿದ್ವು. ಒಂದೊಂದೇ ಹೆಕ್ಕಿ ಎರಡರಲ್ಲೂ ಸಮ ಸಮ ಹಾಕಿಟ್ಟೆ. ನೋಡೋಕೆ ಎಲ್ಲಾ ಒಂದೇ ಥರ ಇದ್ವಪ್ಪ!"

5. ಮರುದಿನ ಬೆಂಚಿನ ಮೇಲೆ ರೈಫಲ್ ಊರಿ ನೂರು ಗಜದಲ್ಲಿ ಶ್ರೀಯುತರು ಹಾರಿಸಿದ ಐದು ಗುಂಡುಗಳೂ ಒಂದೇ ತೂತಿನಲ್ಲಿ ಹೋದವು. ನೊಣ ಕೂತರೆ ಮುಚ್ಚುವಷ್ಟು ತೂತು. ಸಂಘದ ದಾಖಲೆ ಮುರಿಯಿತು. ವಿಜೇತರು ನೀಲಿ ಪ್ರೈಮರ್ ಕುರಿತು ನಲವತ್ತು ನಿಮಿಷ ಮಾತನಾಡಿದರು. ಮಾತು ಮುಗಿಯುವ ಮೊದಲೇ ಒಂಬತ್ತು ಸದಸ್ಯರು ಅಂಗಡಿಗೆ ಓಡಿದರು.

6. ನಲವತ್ತೊಂದನೆಯ ನಿಮಿಷದಲ್ಲಿ ಶ್ರೀಮತಿ ಲೊವೀನಾ ತಡೆಯಲಾರದೆ ಎದ್ದು ನಿಂತರು. "ವರ್ಲಿನ್, ಸಾಕು ಮಾಡು. ಅದರಲ್ಲಿ ಅರ್ಧ ಹಸಿರು."
ಶ್ರೀಯುತರು ಟೋಪಿ ತೆಗೆದು ಕೇಳಿದರು: "ಯಾವ ಅರ್ಧ?"
"ನಂಗೇನ್ ಗೊತ್ತು!"
ಮೂವತ್ತು ವರ್ಷದಿಂದ ಅವರ ಎದುರಾಳಿಯಾಗಿರುವ ಶ್ರೀ ಕ್ಲೇಟನ್ ಗೇಮನ್ ಆಗ, "ಅಯ್ಯೋ ಮಾರಾಯ, ಹಾಗಾದ್ರೆ ಗೆದ್ದಿದ್ದು ಪ್ರೈಮರ್ ಅಲ್ಲ ಕಣೋ, ನಿನ್ನ ಕೈ!" ಎಂದರು.
ಶ್ರೀಯುತರು ಆ ಕೈಯನ್ನು ಮುಂದೆ ಚಾಚಿ ನೋಡಿದರು. ಅದು ನಡುಗುತ್ತಲೇ ಇತ್ತು. ಮೊದಲು ನಕ್ಕವರು ಅವರೇ. ಕಟ್ಟಿಸಿದ ಹಲ್ಲು ಈಚೆ ಬರುವವರೆಗೂ ನಕ್ಕರು.

7. ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತ ಸದಸ್ಯರಿಗೆ ಕಟ್ಟುನಿಟ್ಟಾಗಿ ತಿಳಿಯಪಡಿಸುವುದೇನೆಂದರೆ:
ಅ) ಪ್ರೈಮರ್ ಆಯ್ಕೆಯನ್ನು ಏಳು ದಿನದೊಳಗೆ ಮುಗಿಸತಕ್ಕದ್ದು. ಆ ಅವಧಿಯಲ್ಲಿ ಉಸಿರಾಡಲು ಅನುಮತಿ ಇದೆ.
ಆ) ಫ್ರಿಜ್ ಆರಿಸುವ ಮುನ್ನ ಹಾಲಿನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.
ಇ) ನೀಲಿ ಕೊಂಡ ಒಂಬತ್ತು ಮಂದಿ ಅಂಗಡಿಯವನೊಂದಿಗೆ ಜಗಳವಾಡಕೂಡದು. ಅವನು ಈಗಾಗಲೇ ಅಂಗಡಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಾನೆ.
ಈ) ದಾಖಲೆ ಪುಸ್ತಕದ 'ಪ್ರೈಮರ್' ಅಂಕಣದಲ್ಲಿ 'ಹೆಂಡತಿ ಹೆಕ್ಕಿದ್ದು' ಎಂದು ನಮೂದಿಸತಕ್ಕದ್ದು. ಅವಿವಾಹಿತರ ವಿಚಾರವು ಪರಿಶೀಲನೆಯಲ್ಲಿದೆ.

(ಸಹಿ/-)
ನಡೀನ್ ಕಲ್ಪ್
ಪ್ರಭಾರ ಕಾರ್ಯದರ್ಶಿ

ಪ್ರತಿಗಳು:
1. ಶ್ರೀ ವರ್ಲಿನ್ ಸ್ಟಾಫರ್: ಸಲ್ಲಿಸದೆ ಇಟ್ಟುಕೊಂಡಿದ್ದ ನಿವೃತ್ತಿ ಪತ್ರವನ್ನು ಅವರೇ ಹರಿದು ಹಾಕಿರುವುದರಿಂದ ಮುಂದಿನ ಹಂಗಾಮಿನ ಮಾಹಿತಿಗಾಗಿ.
2. ಶ್ರೀ ಕ್ಲೇಟನ್ ಗೇಮನ್: ಸಭೆಯಲ್ಲಿ ಸತ್ಯ ನುಡಿದದ್ದಕ್ಕೆ ವಿವರಣೆ ಕೋರಿ.
3. ಶ್ರೀಮತಿ ಲೊವೀನಾ ಸ್ಟಾಫರ್, ನೂತನ ಸದಸ್ಯೆ: ಮೊದಲ ಅಭ್ಯಾಸದಲ್ಲೇ ಪತಿಯನ್ನು ಸೋಲಿಸಿದ ಪ್ರಯುಕ್ತ. ಪ್ರೈಮರ್ ಯಾವುದೆಂದು ಹೇಳಲು ಅವರು ನಿರಾಕರಿಸಿರುತ್ತಾರೆ.