ಡಬ್ಬಿ ಖಾಲಿಯಾಗುವ ತನಕ ಒಂದು ಟಿಕೆಟ್

"ಕೂಸಿಗೆ ಉಣ್ಣಸೂದು ಏನ್ ಮಹಾ ವಿದ್ಯಾ!"

ಹೀಗೊಂದು ಮಾತು ಶನಿವಾರ ಸಂಜೆ ನನ್ನ ಬಾಯಿಂದ ಹೊರಬಿತ್ತು. ಬಾಯಿ ನನ್ನದೇ, ಒಪ್ಪುತ್ತೇನೆ. ಆದರೆ ಅಂದಿನಿಂದ ಅದರ ಮೇಲೆ ನನಗೆ ಮೊದಲಿನ ವಿಶ್ವಾಸವಿಲ್ಲ!

ಸಂಗತಿ ಇಷ್ಟು. ನನ್ನ ಹೆಂಡತಿ ಸೌಭಾಗ್ಯಳಿಗೆ ಟಿಕೋಟಾದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಸೋಮವಾರವೇ ಹಾಜರಾಗಬೇಕು. ನಮ್ಮ ಸಂಗುವಿಗೆ ಎರಡೂವರೆ ವರ್ಷ. ನನ್ನ ಕನ್ನಡಕದ ಅಂಗಡಿ ಇರುವುದು ವಿಜಯಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ. ಹಾಗಾಗಿ ಮಗನನ್ನು ನೋಡಿಕೊಳ್ಳುವುದೇನೂ ಕಷ್ಟವಲ್ಲ. ಕಷ್ಟವೆಲ್ಲ ಇದ್ದದ್ದು ಉಣ್ಣಿಸುವುದರಲ್ಲಿ! ತುತ್ತು ಕಂಡರೆ ಸಾಕು, ಅವನ ಬಾಯಿ ರವಿವಾರದ ಬ್ಯಾಂಕಿನಂತೆ ಮುಚ್ಚಿಕೊಳ್ಳುತ್ತಿತ್ತು.

"ನಿಮ್ಮ ಕೈಲೆ ಒಂದಿನಾನೂ ಉಂಡಿಲ್ಲ ಅಂವ. ಹಸಗೊಂಡ ಕೂಸಿನ್ನ ಬಿಟ್ಟು ಹೆಂಗ ಹೋಗ್ಲಿರಿ? ಒಲ್ಲೆ ಅಂತ ಫೋನ್ ಮಾಡಿಬಿಡ್ತೀನಿ," ಎಂದಳು ಸೌಭಾಗ್ಯ.

ಮದುವೆಯಾದಾಗಿನಿಂದ ಅವಳು ಇಂಥದೊಂದು ಕೆಲಸಕ್ಕಾಗಿ ಕಾದಿದ್ದಳು. ಆ ಸಪ್ಪೆ ಮುಖ ನೋಡಿ ನನ್ನೊಳಗಿನ ವೀರಾಧಿವೀರ ಮೀಸೆ ತಿರುವಿಕೊಂಡು ಎದ್ದ.

"ನಾಳೆ ನೀ ನಿನ್ನ ಬಸರಿ ತಂಗಿ ಕುಬುಸಕ್ಕ ಅಂತ ಸಾರವಾಡಕ್ಕ ಹೋಗು. ಸಂಗೂಗ ನಾ ಉಣ್ಣಸ್ತೀನಿ. ಅಳು ಇಲ್ಲ, ಗದ್ದಲ ಇಲ್ಲ, ಮೊಬೈಲ್ ಇಲ್ಲ! ಡಬ್ಬಿ ಖಾಲಿ ಮಾಡಿ ತೋರಸ್ತೀನಿ!"

"ಖಾಲಿ ಆತಂದ್ರ ಸೋಮವಾರ ಟಿಕೋಟಾಕ್ಕ ಹೋಗ್ತೀನಿ. ಆಗಲಿಲ್ಲಂದ್ರ ನೌಕರಿ ಮಾತ ಎತ್ತಬ್ಯಾಡ್ರಿ," ಎಂದವಳು, ಒಂದು ಕ್ಷಣ ತಡೆದು ಸೇರಿಸಿದಳು. "ಮತ್ತ ನೀವ ಉಂಡು ಖಾಲಿ ಮಾಡಬಾರ್ದು!"

ಛೆ! ಹಿಂದೆಂದೋ ಒಮ್ಮೆ ಹಾಗಾಗಿದ್ದನ್ನು ಇನ್ನೂ ಮರೆತಿಲ್ಲ ನೋಡಿ.

ರವಿವಾರ ಮಧ್ಯಾಹ್ನ ಸ್ಟೀಲ್ ಡಬ್ಬಿಯ ತುಂಬ ಜೋಳದ ನುಚ್ಚಿಗೆ ಮೊಸರು ಕಲಸಿಕೊಂಡು ರಣರಂಗಕ್ಕೆ ಇಳಿದೆ. ಬೆಕ್ಕಾದೆ, ಕುದುರೆಯಾದೆ, ಕಡೆಗೆ ಟ್ರ್ಯಾಕ್ಟರ್ ಆಗಿ ಅಂಗಡಿಯ ತುಂಬ ಗುಡುಗುತ್ತ ತೆವಳಿದೆ. ಸಂಗು ಚಪ್ಪಾಳೆ ತಟ್ಟಿದ. ಬಾಯಿ ಮಾತ್ರ ತೆರೆಯಲಿಲ್ಲ! ಕನ್ನಡಕ ಒಯ್ಯಲು ಬಂದ ಗಿರಾಕಿಯೊಬ್ಬರು ನಾಲ್ಕು ಕಾಲಿನ ಮೇಲಿದ್ದ ನನ್ನನ್ನು ನೋಡಿ, "ಆಮ್ಯಾಲ ಬರ್ತೀನಿ ತಗೋರಿ," ಎಂದು ಬಂದ ದಾರಿಯಲ್ಲೇ ತಿರುಗಿದರು.

ಆಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಇಮಾಮಬಿ ಚಾಚಿ ಇಣುಕಿದರು.

"ಯಾಕ ಒದ್ದಾಡಾಕತ್ತಿ ಅರುಣಾ? ಹೋದ ವಾರ ನಾವು ಬಬಲೇಶ್ವರಕ್ಕ ಹೊಂಟಾಗ ನಿನ್ನ ಮಗ ಬಸ್ಸಿನ್ಯಾಗ ನನ್ನ ಬಾಜೂಕ ಕುಂತು ಅರ್ಧಾ ರೊಟ್ಟಿ ತಿಂದಾನ. ನಾವು ಮಾತಾಡಕೋತ ಹೊಂಟಿದ್ವಿ, ನೋಡಿದ್ರ ರೊಟ್ಟೀನ ಇಲ್ಲ!"

ಆಹಾ! ಬಸ್ಸು! ಅವನಿಗೆ ಬೇಕಾದದ್ದು ಬಸ್ಸು! ನ್ಯಾಯವಾಗಿ ಚಾಚಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ನಾನು ಬಸ್ಸಿನವರೆಗೆ ಮಾತ್ರ ಕೇಳಿಸಿಕೊಂಡು ಅಂಗಡಿಗೆ ಕೀಲಿ ಹಾಕಿದೆ.

ಬಬಲೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಸಾಬಣ್ಣ ಬಂದು ಕೇಳಿದ. "ಹೆಣ್ಮಕ್ಕಳಿಗೆ ಫ್ರೀ ಐತಿ, ಕೂಸಿಗೆ ಬೇಕಾಗಿಲ್ಲ. ನಿಮಗ ಎಲ್ಲೀದು ಕೊಡ್ಲಿರಿ?"

"ಈ ಡಬ್ಬಿ ಖಾಲಿ ಆಗೂ ತನಕ ಕೊಡ್ರಿ!"

"ಆ ಸ್ಟಾಪ್ ನಮ್ಮ ರೂಟಿನ್ಯಾಗ ಇಲ್ರಿ ಸರ!"

ಬಸ್ ಹೊರಟಿತು. ಹೊರಡುವ ಗುರುತಿಗೆ ಸಾಬಣ್ಣ ಎರಡು ಸೀಟಿ ಊದಿದ. ಸದ್ದಿಗೆ ಬೆರಗಾಗಿ ಸಂಗು ಬಾಯಿ ತೆರೆದ. ತುತ್ತು ಒಳಗೆ! ನಾನು ಸೀಟಿನಿಂದ ಎದ್ದು ಕುಣಿಯುವುದೊಂದು ಬಾಕಿ!

"ಅಣ್ಣಾರ, ಇನ್ನೊಮ್ಮೆ ಊದ್ರಿ!"

ಪಾಪ, ಒಳ್ಳೆಯ ಮನುಷ್ಯ, ಊದಿದ. ಆದರೆ ಒಂದು ಸೀಟಿ ಎಂದರೆ ಡ್ರೈವರ್ ಮಲ್ಲಿಕಸಾಬರಿಗೆ ನಿಲ್ಲಿಸು ಎಂದರ್ಥ. ನಿಲ್ಲಿಸಿದರು. ಇಳಿಯುವವರಿಲ್ಲ, ಹತ್ತುವವರಿಲ್ಲ. ಎರಡು ಸೀಟಿ, ಬಸ್ ಹೊರಟಿತು. ಮತ್ತೊಂದು ತುತ್ತಿಗೆ ಮತ್ತೊಂದು ಸೀಟಿ, ಬಸ್ ನಿಂತಿತು!

"ಏ ಸಾಬಣ್ಣಾ! ಹೋಗ್ಲ್ಯೋ, ನಿಂದರ್ಲ್ಯೋ? ಒಂದ್ ಸಲ ಖರೇ ಹೇಳು!" ಎಂದು ಮಲ್ಲಿಕಸಾಬರು ಗುಡುಗಿದರು.

ವಿಷಯ ತಿಳಿದದ್ದೇ ತಡ, ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಮುಂದಿನ ಸೀಟಿನ ಗುರುಬಸವ್ವ ಎಂಬ ಅಜ್ಜಿ ಮಂಡಿಯೂರಿ ಹಿಂದಕ್ಕೆ ತಿರುಗಿ ಕೂತು, "ಆ ಅನ್ನೋ ನನ್ನಪ್ಪಾ, ಆ..." ಎಂದರು. ಎಲ್ಲರೂ "ಆ..." ಎಂದರು. ಬಸ್ಸಿನ ತುಂಬ ಬಾಯಿಗಳು ತೆರೆದಿದ್ದವು, ಒಂದನ್ನು ಬಿಟ್ಟು! ಸಂಗು ನನ್ನ ಅಂಗಿಯೊಳಗೆ ಮುಖ ಹುದುಗಿಸಿಬಿಟ್ಟ.

ಸಾರವಾಡ ಬಂದಾಗ ಹೆಂಡತಿ ಕಂಡಾಳೆಂದು ಸೀಟಿನ ಕೆಳಗೆ ತಲೆ ಬಗ್ಗಿಸಿದೆ. ಬಬಲೇಶ್ವರ ಬಂತು. ಡಬ್ಬಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ಅದೇ ಬಸ್ಸಿನಲ್ಲಿ ಮರಳಿ ಹೊರಟೆ. ಸಂತೆಯ ಕೆಲಸ ಎಂದು ಹೇಳಿ ಇಳಿದಿದ್ದ ಗುರುಬಸವ್ವ ಕೂಡ, ಕೂಸು ಉಣ್ಣುವುದನ್ನು ನೋಡಿಯೇ ಹೋಗುತ್ತೇನೆಂದು ಮತ್ತೆ ಹತ್ತಿದರು!

ಮತ್ತೆ ಸಾರವಾಡ. ಮತ್ತೆ ತಲೆ ಬಗ್ಗಿಸಿದೆ. ಎತ್ತುವಾಗ ಕಣ್ಣೆದುರು ಒಂದು ರೇಷ್ಮೆ ಸೀರೆ ನಿಂತಿತ್ತು. ಸೀರೆಯೊಳಗೆ ಸೌಭಾಗ್ಯ! ಮಗನ ಚಿಂತೆಯಲ್ಲಿ ಕುಬುಸದ ಮನೆಯಿಂದ ಬೇಗ ಹೊರಟುಬಂದಿದ್ದಳು.

"ಏನ್ರೀ ಇದು! ಮನ್ಯಾಗ ಉಣ್ಣಸ್ತೀನಿ ಅಂದವರು ಇಲ್ಲೇನು ಮಾಡಾಕತ್ತೀರಿ?"

ಗಾಬರಿಯಲ್ಲಿ ಮಗನನ್ನು ಕಿಟಕಿಯ ಬದಿಗೆ ಕೂರಿಸಿ, ಡಬ್ಬಿಯನ್ನು ಚಮಚದ ಸಮೇತ ಅವನ ತೊಡೆಯ ಮೇಲಿಟ್ಟು ಎದ್ದುನಿಂತೆ. "ಉಣ್ಣಸಾಕತ್ತೇನಿ ಮಾರಾಯ್ತಿ!"

"ಗದ್ದಲ ಇಲ್ಲ ಅಂದಿದ್ರಿ?"

"ಮೊಬೈಲ್ ಇಲ್ಲಲ್ಲ!"

"ಮೊಬೈಲ್ ಬದಲಿ ಬಸ್ಸ ಹಿಡದೀರಿ! ನಾಳೆ ಕೂಸಿಗೆ ಹಸಿವಾತಂದ್ರ ಅಂಗಡಿ ಮುಂದ ಬಸ್ ನಿಂದ್ರಸ್ತೀರೇನು?"

ಬಸ್ಸಿಗೆ ಬಸ್ಸೇ ನಮ್ಮಿಬ್ಬರನ್ನು ನೋಡುತ್ತಿತ್ತು. ಗುರುಬಸವ್ವ ಅವಳ ಪಕ್ಷ, ಸಾಬಣ್ಣ ನನ್ನ ಪಕ್ಷ. ಮಲ್ಲಿಕಸಾಬರು ಬಸ್ ಹೊರಡಿಸುವುದನ್ನೇ ಬಿಟ್ಟು ಹಿಂದಕ್ಕೆ ತಿರುಗಿ ಕೂತಿದ್ದರು. ಅಷ್ಟರಲ್ಲಿ ಸೌಭಾಗ್ಯಳ ದನಿ ಇಳಿಯಿತು.

"ಸಾಕ್ರಿ. ಒಲ್ಲೆ ಅಂತ ಈಗ ಫೋನ್ ಮಾಡ್ತೀನಿ."

ಅವಳ ಕಣ್ಣು ತುಂಬಿತ್ತು. ಎಷ್ಟು ಆಸೆಪಟ್ಟಿದ್ದಳು, ನನ್ನ ಜಂಬದಿಂದ ಎಲ್ಲ ಹೋಯಿತಲ್ಲ! ಆಗ ಕಿಟಕಿಯ ಬದಿಯಿಂದ ಒಂದು ಸದ್ದು ಕೇಳಿಸಿತು.

ಕರ್, ಕರ್, ಕರ್.

ಎಲ್ಲರೂ ತಿರುಗಿದೆವು. ಸಂಗು ಚಮಚದಿಂದ ಡಬ್ಬಿಯ ತಳ ಕೆರೆಯುತ್ತಿದ್ದ! ಮೂಗಿಗೆ ಮೊಸರು, ಕಿವಿಗೆ ನುಚ್ಚು, ಡಬ್ಬಿಯಲ್ಲಿ ಒಂದು ಅಗುಳೂ ಇಲ್ಲ. ನಾವೆಲ್ಲ ನೋಡಿದ್ದೇ ತಡ, ಬಾಯಿ ಮುಚ್ಚಿ ಚಮಚ ಕೆಳಗಿಟ್ಟ.

"ನಾವು ನಿಮ್ಮ ಜಗಳಾ ನೋಡಿದ್ವಿ. ಅಂವ ತನ್ನ ಹೊಟ್ಟಿ ನೋಡಿಕೊಂಡ!" ಎಂದು ಗುರುಬಸವ್ವ ಬೊಚ್ಚು ಬಾಯಿ ಬಿಟ್ಟು ನಕ್ಕರು. ಸೌಭಾಗ್ಯ ಅಳುತ್ತಲೇ ನಕ್ಕಳು. ಸಾಬಣ್ಣ ಖುಷಿಯಿಂದ ಎರಡು ಸೀಟಿ ಊದಿದ, ಈ ಸಲ ಸರಿಯಾದ ಕಾರಣಕ್ಕೆ!

ಸೋಮವಾರ ಸೌಭಾಗ್ಯ ಟಿಕೋಟಾಕ್ಕೆ ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಬಂತು.

"ಸಂಗು ಉಂಡನೇನ್ರಿ?"

"ನನಗೇನ್ ಗೊತ್ತು ಮಾರಾಯ್ತಿ! ಡಬ್ಬಿ ಅವನ ಮುಂದಿಟ್ಟು ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂತೇನಿ!"

ಆ ಕಡೆಯಿಂದ ಮೆಚ್ಚುಗೆಯ ದನಿ ತೇಲಿಬಂತು.

"ಹಾಂ! ಈಗ ಉಣ್ಣಸೂದು ಕಲ್ತ್ರಿ ನೋಡ್ರಿ!"